ಪುಟವನ್ನು ಪುಟದ ಹೊರಗಿಂದ ನೋಡಿ: ಮಾಹಿತಿ ಸಾಕ್ಷರತೆಯ ಟಿಪ್ಪಣಿ

ಎಂ.ಲಿಬ್. (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಓದುವವರಿಗೆ ಮಾಹಿತಿ ಸಾಕ್ಷರತೆ ಒಂದು ಘಟಕ. ಪಿಎಚ್‌ಡಿ ಕೋರ್ಸ್‌ವರ್ಕ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಡ್ಡಾಯ ಮಾಡಿರುವ 2 ಕ್ರೆಡಿಟ್‌ನ ಸಂಶೋಧನೆ ಮತ್ತು ಪ್ರಕಟಣಾ ನೀತಿ ಪತ್ರಿಕೆ ಇದೆಯಲ್ಲ, ಅದರಲ್ಲೂ ಇದೇ ವಿಷಯ ಬೇರೆ ವೇಷದಲ್ಲಿ ಬರುತ್ತದೆ. ಗೈಡ್‌ಗಳಲ್ಲಿ ಸಿಗುವುದು ಹೆಚ್ಚಾಗಿ ವ್ಯಾಖ್ಯೆ, ಇಸವಿ, ಮಾನದಂಡಗಳ ಪಟ್ಟಿ. ಅದನ್ನು ಮೊದಲು ಬೇಗ ಮುಗಿಸಿಬಿಡೋಣ. ಕೆಲಸಕ್ಕೆ ಬರುವುದು ಆಮೇಲಿದೆ.

ಇಸವಿಗಳು

ಮಾಹಿತಿ ಸಾಕ್ಷರತೆಯ ಮಾತು ಶುರುವಾಗಿದ್ದು 1974ರಲ್ಲಿ, ಅಮೆರಿಕದ ಪಾಲ್ ಝುರ್ಕೋವ್‌ಸ್ಕಿ ಅವರಿಂದ. ಅವರು ಲೈಬ್ರರಿಯನ್ ಆಗಿರಲಿಲ್ಲ, ಮಾಹಿತಿ ಮಾರುವ ಕಂಪನಿಗಳ ಸಂಘದ ಅಧ್ಯಕ್ಷರಾಗಿದ್ದರು. ಡೇಟಾಬೇಸ್ ಮಾರಬೇಕು ಅಂದರೆ ಅದನ್ನು ಬಳಸಲು ಬರುವ ಜನ ಬೇಕಲ್ಲ! ಇದನ್ನು ಗೈಡ್‌ನವರು ಬರೆಯುವುದಿಲ್ಲ. 1989ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ಸಮಿತಿಯೊಂದು ಈಗ ಎಲ್ಲರೂ ಬರೆಯುವ ವ್ಯಾಖ್ಯೆ ಕೊಟ್ಟಿತು: ಮಾಹಿತಿ ಯಾವಾಗ ಬೇಕು ಅಂತ ಗುರುತಿಸುವುದು, ಹುಡುಕುವುದು, ತೂಗಿ ನೋಡುವುದು, ಸರಿಯಾಗಿ ಬಳಸುವುದು. 2000ದಲ್ಲಿ ಕಾಲೇಜು ಗ್ರಂಥಾಲಯಗಳ ಸಂಘವಾದ ಎಸಿಆರ್‌ಎಲ್ ಐದು ಮಾನದಂಡ ತಂದಿತು. 2015ರಲ್ಲಿ ಅದೇ ಸಂಘ ಆರು ಪರಿಕಲ್ಪನೆಗಳ ಹೊಸ ಚೌಕಟ್ಟು ತಂದು, 2016ರಲ್ಲಿ ಹಳೆಯ ಮಾನದಂಡಗಳನ್ನು ರದ್ದು ಮಾಡಿತು. ಹಳೇ ಗೈಡ್ ಇಟ್ಟುಕೊಂಡು ಓದುತ್ತಿದ್ದರೆ ಇದೊಂದನ್ನು ತಿದ್ದಿಕೊಳ್ಳಿ.

ಪರೀಕ್ಷೆಯಲ್ಲಿ ಈ ಆರು ಪರಿಕಲ್ಪನೆಗಳಲ್ಲಿ ಒಂದನ್ನಾದರೂ ನಿಮ್ಮದೇ ಉದಾಹರಣೆ ಕೊಟ್ಟು ಬರೆಯಿರಿ. ಮೊದಲನೆಯದು ಸುಲಭ. ಯಾರ ಮಾತಿಗೆ ತೂಕ ಅನ್ನುವುದು ಪ್ರಶ್ನೆಯನ್ನು ಅವಲಂಬಿಸಿರುತ್ತದೆ ಅಂತ ಅದರ ಸಾರ. ಒಂದು ಊರಿನ ಶಾಸನದಲ್ಲಿ ಏನು ಬರೆದಿದೆ ಅನ್ನುವುದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ನೋಡಬೇಕು. ಅದೇ ಊರಿನ ದೇವತೆಗೆ ಜಾತ್ರೆಯಲ್ಲಿ ಯಾವ ಕ್ರಮದಲ್ಲಿ ಪೂಜೆ ನಡೆಯುತ್ತದೆ ಅನ್ನುವುದಕ್ಕೆ ಪೂಜಾರಿ ಮನೆಯವರನ್ನೇ ಕೇಳಬೇಕು. ಅಲ್ಲಿ ಸಂಪುಟ ಏನೂ ಹೇಳುವುದಿಲ್ಲ.

ಪಟ್ಟಿಯ ತೊಂದರೆ

ಒಂದು ವೆಬ್‌ಸೈಟನ್ನು ನಂಬಬಹುದಾ ಅಂತ ನೋಡಲು ನಮಗೆ ಹೇಳಿಕೊಡುವುದು ಕ್ರ್ಯಾಪ್ ಟೆಸ್ಟ್. ಕ್ಯಾಲಿಫೋರ್ನಿಯಾದ ಚಿಕೋ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ 2004ರಲ್ಲಿ ಬಂದದ್ದು (ಇಂಗ್ಲಿಷಿನಲ್ಲಿ ಕ್ರ್ಯಾಪ್ ಅಂದರೆ ಕಸ, ಹೆಸರು ಬೇಕಂತಲೇ ಹಾಗಿಟ್ಟಿದ್ದಾರೆ). ಹೊಸದಾ, ನಮ್ಮ ವಿಷಯಕ್ಕೆ ಹೊಂದುತ್ತದಾ, ಬರೆದವರು ಯಾರು, ಆಧಾರ ಕೊಟ್ಟಿದ್ದಾರಾ, ಉದ್ದೇಶ ಏನು. ಐದು ಪ್ರಶ್ನೆ, ಐದು ಟಿಕ್. ಪರೀಕ್ಷೆಯಲ್ಲಿ ಕೇಳುವುದಕ್ಕೂ ಸುಲಭ, ಅಂಕ ಕೊಡುವುದಕ್ಕೂ ಸುಲಭ. ಅದಕ್ಕೇ ಇಷ್ಟು ವರ್ಷ ಉಳಿದಿದೆ ಅಂತ ನನ್ನ ಅನುಮಾನ.

ತೊಂದರೆ ಎಲ್ಲಿ ಅಂದರೆ, ಈ ಪ್ರಶ್ನೆಗಳಿಗೆಲ್ಲ ಅದೇ ಪುಟದಲ್ಲೇ ಕೂತು ಉತ್ತರ ಬರೆದುಬಿಡಬಹುದು. ತಾರೀಕು ಪುಟದಲ್ಲೇ ಇದೆ. ಲೇಖಕರ ಹೆಸರಿನ ಮುಂದೆ ಡಾ. ಇದೆ. ಕೆಳಗೆ ಉಲ್ಲೇಖಗಳಿವೆ. ‘ನಮ್ಮ ಬಗ್ಗೆ’ ಅನ್ನುವ ಕಡೆ ಉದ್ದೇಶವನ್ನೂ ಚಂದವಾಗಿ ಬರೆದುಕೊಂಡಿದ್ದಾರೆ. ಇದೆಲ್ಲ ಪುಟ ಮಾಡಿದವರು ತಮ್ಮ ಬೆನ್ನು ತಾವೇ ತಟ್ಟಿಕೊಂಡದ್ದು. ನಾವು ಅದನ್ನೇ ನೋಡಿ ಟಿಕ್ ಹಾಕುತ್ತೇವೆ.

ಇದನ್ನು ಪರೀಕ್ಷಿಸಿ ನೋಡಿದವರು ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ. 2017ರಲ್ಲಿ ಮೊದಲು ಹೊರಬಂದ ಈ ಅಧ್ಯಯನದಲ್ಲಿ ಒಟ್ಟು 45 ಜನ ಇದ್ದರು: ಪಿಎಚ್‌ಡಿ ಪಡೆದ 10 ಇತಿಹಾಸಕಾರರು, ಸುದ್ದಿಯ ಸತ್ಯಾಸತ್ಯ ನೋಡುವುದನ್ನೇ ವೃತ್ತಿ ಮಾಡಿಕೊಂಡ 10 ಫ್ಯಾಕ್ಟ್ ಚೆಕರ್‌ಗಳು, ಸ್ಟ್ಯಾನ್‌ಫರ್ಡ್‌ನಲ್ಲೇ ಪದವಿ ಓದುತ್ತಿದ್ದ 25 ವಿದ್ಯಾರ್ಥಿಗಳು. ಒಂದು ಕೆಲಸ ಹೀಗಿತ್ತು. ಶಾಲೆಯಲ್ಲಿ ಮಕ್ಕಳನ್ನು ಪೀಡಿಸುವುದರ ಬಗ್ಗೆ ಎರಡು ವೈದ್ಯರ ಸಂಘಗಳ ವೆಬ್‌ಸೈಟ್‌ನ ಬರಹಗಳು. ಯಾವುದನ್ನು ಜಾಸ್ತಿ ನಂಬಬಹುದು? ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 1930ರಲ್ಲಿ ಶುರುವಾದದ್ದು, ಆ ದೇಶದ ಮಕ್ಕಳ ವೈದ್ಯರ ಮುಖ್ಯ ಸಂಘ. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಸಲಿಂಗ ದಂಪತಿ ಮಕ್ಕಳನ್ನು ದತ್ತು ತೆಗೆದುಕೊಳ್ಳುವುದನ್ನು ಅಕಾಡೆಮಿ ಬೆಂಬಲಿಸಿತು ಅನ್ನುವ ಕಾರಣಕ್ಕೆ 2002ರಲ್ಲಿ ಒಡೆದು ಹೊರಬಂದ ಚಿಕ್ಕ ಗುಂಪು ಇದು.

ಹೆಸರು ಎರಡೂ ಒಂದೇ ಥರ ಕೇಳಿಸುತ್ತವೆ ಅಲ್ವಾ? ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎರಡನೆಯದನ್ನೇ ಆರಿಸಿದರು. ಪುಟ ಅಚ್ಚುಕಟ್ಟಾಗಿತ್ತು, ಉಲ್ಲೇಖಗಳಿದ್ದವು, ಜಾಹೀರಾತು ಇರಲಿಲ್ಲ. ಇತಿಹಾಸಕಾರರಲ್ಲೂ ಹಲವರು ಲೋಗೋ, ವೆಬ್ ವಿಳಾಸದ ಕೊನೆಯ .org ಇಂಥದ್ದಕ್ಕೆ ಮರುಳಾದರು. ಜೀವನವಿಡೀ ಆಕರಗಳನ್ನು ಅನುಮಾನಿಸಿ ಓದುವುದೇ ಅವರ ಕೆಲಸ, ಆದರೂ! ಫ್ಯಾಕ್ಟ್ ಚೆಕರ್‌ಗಳು ಮಾತ್ರ ತಪ್ಪಲಿಲ್ಲ. ಅವರು ಪುಟ ತೆರೆದರು, ಒಂದು ಕಣ್ಣು ಹಾಯಿಸಿದರು, ಓದುವ ಮೊದಲೇ ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು ಆ ಸಂಘದ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಅಂತ ಹುಡುಕಿದರು. ಇದಕ್ಕೆ ಲ್ಯಾಟರಲ್ ರೀಡಿಂಗ್ ಅನ್ನುತ್ತಾರೆ, ನಾವು ಅಡ್ಡ ಓದು ಅನ್ನೋಣ. ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಹುಡುಕಿದಾಗ ಬಂದ ಮೊದಲ ಕೊಂಡಿಯನ್ನೇ ತಟ್ಟನೆ ಒತ್ತುತ್ತಿರಲಿಲ್ಲ, ಫಲಿತಾಂಶಗಳ ಪಟ್ಟಿಯನ್ನು ಕೆಳಗಿನವರೆಗೂ ನೋಡಿ, ಯಾರು ಯಾರು ಈ ಬಗ್ಗೆ ಬರೆದಿದ್ದಾರೆ ಅಂತ ಅಂದಾಜು ಮಾಡಿಕೊಂಡು ಆಮೇಲೆ ಆರಿಸುತ್ತಿದ್ದರು.

ಡಿಜಿಟಲ್ ಸಾಕ್ಷರತೆಯ ತಜ್ಞ ಮೈಕ್ ಕಾಲ್‌ಫೀಲ್ಡ್ ಅವರ ಸಿಫ್ಟ್ ಕ್ರಮವೂ ಇದೇ ದಾರಿಯದು: ನಿಲ್ಲಿ, ಮೂಲ ಯಾರು ಅಂತ ನೋಡಿ, ಅದೇ ವಿಷಯದ ಮೇಲೆ ಇನ್ನೂ ಒಳ್ಳೆಯ ಬರಹ ಹುಡುಕಿ, ಹೇಳಿಕೆಯನ್ನು ಅದು ಮೊದಲು ಹುಟ್ಟಿದ ಜಾಗದವರೆಗೆ ಬೆನ್ನತ್ತಿ. ನಾಲ್ಕರಲ್ಲಿ ಮೂರು ಕೆಲಸ ಪುಟದ ಹೊರಗೇ ಆಗಬೇಕಾದವು.

ನಮ್ಮ ಕಡೆಗೆ ಬಂದರೆ

ಸಂಶೋಧನಾ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಿಗೆ ಬರುವ ಸಂದೇಶ ನಿಮಗೂ ಗೊತ್ತು. ಇಂಟರ್‌ನ್ಯಾಷನಲ್ ಜರ್ನಲ್, ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ 7ರ ಮೇಲೆ, ಒಂದು ವಾರದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ. ಇದನ್ನೇ ಅಡ್ಡ ಓದಿ ನೋಡೋಣ.

ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಗೆ ಕೊಡುವ ಎಂಟು ಅಂಕಿಗಳ ಗುರುತಿನ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆ ಅಲ್ಲ. ಆ ಸಂಖ್ಯೆಯನ್ನು ಐಎಸ್‌ಎಸ್‌ಎನ್‌ನ ಅಧಿಕೃತ ಪೋರ್ಟಲ್‌ನಲ್ಲಿ ಹಾಕಿ. ಬರುವ ಹೆಸರೂ ಸಂದೇಶದಲ್ಲಿರುವ ಹೆಸರೂ ಒಂದೇನಾ ನೋಡಿ, ಯಾಕೆಂದರೆ ಇರುವ ಪತ್ರಿಕೆಯ ಹೆಸರು, ಸಂಖ್ಯೆ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ನಡೆಸುವವರೂ ಇದ್ದಾರೆ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಪತ್ರಿಕೆಯ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಲೆಕ್ಕ. ಸಾಮಾನ್ಯವಾಗಿ ಎಲ್ಲರೂ ಒಪ್ಪುವುದು ಈ ಲೆಕ್ಕ ಇಡುವ ಕಂಪನಿಯಾದ ಕ್ಲಾರಿವೇಟ್‌ನವರ ವರದಿಯಲ್ಲಿ ಬರುವುದನ್ನು. ಬೇರೆ ಯಾರೋ ಲೆಕ್ಕ ಹಾಕಿಕೊಟ್ಟದ್ದಾದರೆ ಆ ‘ಯಾರೋ’ ಯಾರು ಅಂತ ಇನ್ನೊಂದು ಟ್ಯಾಬ್ ತೆರೆಯಿರಿ. ಸಂಪಾದಕ ಮಂಡಳಿಯಲ್ಲಿ ಪ್ರಾಧ್ಯಾಪಕರ ಹೆಸರಿದೆಯಾ? ಅವರ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ, ಅಲ್ಲಿ ಅವರೇ ಈ ಪತ್ರಿಕೆಯ ಹೆಸರು ಹೇಳಿಕೊಂಡಿದ್ದಾರಾ ನೋಡಿ. ಹೇಳಿಕೊಂಡಿಲ್ಲದಿದ್ದರೆ ಒಂದು ಇಮೇಲ್ ಹಾಕಿ ಕೇಳಿ.

ಮೊದಲಾದರೆ ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿ, ಅಂದರೆ ಯುಜಿಸಿ ಕೇರ್ ಪಟ್ಟಿ ನೋಡಿ ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. 2019ರಲ್ಲಿ ಬಂದ ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಅದರ ಬದಲು ಸಲಹೆಯ ರೂಪದ ಅಳತೆಗೋಲುಗಳನ್ನು ಕೊಟ್ಟು, ನಿರ್ಧಾರವನ್ನು ಸಂಸ್ಥೆಗಳಿಗೆ ಬಿಟ್ಟಿದೆ. ಅಂದರೆ ಈ ಹುಡುಕಾಟದ ಕೆಲಸ ಈಗ ನಮ್ಮ ನಿಮ್ಮ ತಲೆಗೇ ಬಂದಿದೆ. ಅದೇ ವರ್ಷದ ಜನವರಿಯಿಂದ ಪತ್ರಿಕೆಗಳಿಗೆ ಒಟ್ಟಾಗಿ ಚಂದಾ ಕಟ್ಟುವ ಕೇಂದ್ರ ಸರ್ಕಾರದ ಯೋಜನೆ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, ಸರ್ಕಾರಿ ಸಂಸ್ಥೆಗಳಲ್ಲಿ ಓದುವವರಿಗೆ. ಬಾಗಿಲು ದೊಡ್ಡದಾಗಿ ತೆರೆದಿದೆ, ಸಂತೋಷ. ಒಳಗೆ ಹೋದ ಮೇಲೆ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಕಲಿಸುವುದಕ್ಕೆ ಮಾತ್ರ ಇನ್ನೂ ವರ್ಷದ ಶುರುವಿನ ಒಂದು ಗಂಟೆಯ ಲೈಬ್ರರಿ ಓರಿಯಂಟೇಷನ್ನೇ ಎಷ್ಟೋ ಕಡೆ ಗತಿ.

ಚಾಟ್‌ಜಿಪಿಟಿ ಕೊಟ್ಟ ಉಲ್ಲೇಖ

ಇಲ್ಲೂ ಅದೇ ಕಥೆ. ಈ ಮಾದರಿಗಳು ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಅಂತ ಊಹಿಸಿ ಬರೆಯುತ್ತವೆ. ಹುಡುಕುವ ಸೌಲಭ್ಯ ಜೋಡಿಸದಿದ್ದರೆ ಯಾವ ಕಪಾಟಿನಿಂದಲೂ ಪುಸ್ತಕ ತೆಗೆದು ನೋಡುವುದಿಲ್ಲ. ಹಾಗಾಗಿ ಸಿಗುವ ಉಲ್ಲೇಖ ‘ಇರಬಹುದಾದಂಥದ್ದು’, ಇರುವಂಥದ್ದೇ ಆಗಬೇಕಾಗಿಲ್ಲ. ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಇಲ್ಲ. ಇಂಥದ್ದೇ ಹೆಚ್ಚು ಅಪಾಯ, ಪರಿಚಿತ ಹೆಸರು ನೋಡಿ ನಾವು ಸುಮ್ನೆ ಮುಂದಕ್ಕೆ ಹೋಗಿಬಿಡುತ್ತೇವೆ.

2023ರ ನ್ಯೂಯಾರ್ಕ್ ಪ್ರಕರಣ ಓದಿಕೊಂಡಿರಿ, ಮಾಟಾ ಮತ್ತು ಏವಿಯಾಂಕಾ ಏರ್‌ಲೈನ್ಸ್ ನಡುವಿನದು. ವಕೀಲರು ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳಿದ್ದವು. ಕೊನೆಗೆ 5,000 ಡಾಲರ್ ದಂಡ ಬಿತ್ತು. ನಮಗೆ ಬೇಕಾದ್ದು ದಂಡದ ವಿಷಯ ಅಲ್ಲ. ಆ ವಕೀಲರಿಗೂ ಅನುಮಾನ ಬಂದಿತ್ತು, ಪರಿಶೀಲನೆಯನ್ನೂ ಮಾಡಿದ್ದರು. ಹೇಗೆ ಗೊತ್ತಾ? ಈ ತೀರ್ಪುಗಳು ನಿಜವಾ ಅಂತ ಚಾಟ್‌ಜಿಪಿಟಿಯನ್ನೇ ಕೇಳಿದ್ದರು! ಅದು ಹೌದು, ಕಾನೂನು ಡೇಟಾಬೇಸ್‌ಗಳಲ್ಲಿ ಸಿಗುತ್ತವೆ ಅಂತ ಹೇಳಿತ್ತು. ಆ ಡೇಟಾಬೇಸ್ ತೆರೆದು ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ನಾವು ಮಾಡಬೇಕಾದ್ದು ಇಷ್ಟೇ. ಉಲ್ಲೇಖದಲ್ಲಿ ಡಿಒಐ ಇದ್ದರೆ, ಅಂದರೆ 10 ಮತ್ತು ಚುಕ್ಕೆಯಿಂದ ಶುರುವಾಗುವ, ಲೇಖನವನ್ನು ಗುರುತಿಸುವ ಆ ಉದ್ದ ಸಂಖ್ಯೆ, ಅದನ್ನು ಡಿಒಐ ವೆಬ್‌ಸೈಟ್‌ನಲ್ಲಿ ಹಾಕಿ. ಸುಳ್ಳಾದರೆ ಏನೂ ತೆರೆಯುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದ ಇನ್ನೊಂದು ಲೇಖನ ತೆರೆಯುತ್ತದೆ. ಡಿಒಐ ಇಲ್ಲದಿದ್ದರೆ ಪತ್ರಿಕೆಯ ಆ ಸಂಪುಟ, ಸಂಚಿಕೆಯ ಪರಿವಿಡಿಗೆ ಹೋಗಿ ಪುಟಸಂಖ್ಯೆ ನೋಡಿ. ಲೇಖನ ಸಿಕ್ಕಿದ ಮೇಲೂ ಕೆಲಸ ಬಾಕಿ ಇರುತ್ತದೆ: ನೀವು ಅದರ ಬಾಯಲ್ಲಿ ಹೇಳಿಸುತ್ತಿರುವ ಮಾತು ಅದರಲ್ಲಿ ಇದೆಯಾ ಅಂತ ಓದಬೇಕು.

ಕನ್ನಡದಲ್ಲಿ ಯಾಕೆ ಕಷ್ಟ

ಇದನ್ನು ಯಾವ ಗೈಡ್‌ನಲ್ಲೂ ನಾನು ನೋಡಿಲ್ಲ. ಅಡ್ಡ ಓದಬೇಕಾದರೆ ಅಡ್ಡ ಹೋಗಲು ಇನ್ನೊಂದು ಕಡೆ ಬೇಕು. ಕನ್ನಡ ವಿಷಯಗಳಿಗೆ ಆ ಇನ್ನೊಂದು ಕಡೆ ಇದ್ದರೂ ಹುಡುಕಾಟಕ್ಕೆ ಸಿಗುವುದಿಲ್ಲ. ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ, ಕನ್ನಡದವೂ ಸಾಕಷ್ಟಿವೆ. ಪ್ರಬಂಧ ಒಂದೇ ಫೈಲ್ ಆಗಿರುವುದಿಲ್ಲ. ಶೀರ್ಷಿಕೆ, ಪ್ರಮಾಣಪತ್ರ, ಒಂದೊಂದು ಅಧ್ಯಾಯ ಅಂತ ಬೇರೆ ಬೇರೆ ಪಿಡಿಎಫ್ ಇರುತ್ತವೆ. ಅಧ್ಯಾಯ ತೆರೆದು ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾದರೆ ಕನ್ನಡ ಬರುವುದಿಲ್ಲ, ತಲೆಯ ಮೇಲೆ ಗೆರೆ, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಸ್ಕ್ಯಾನ್ ಮಾಡಿದ್ದಾದರೆ ಅದೂ ಇಲ್ಲ, ಬರೀ ಚಿತ್ರ. ಈಗ ಎಲ್ಲೆಡೆ ಬಳಸುವ ಯೂನಿಕೋಡ್‌ನಲ್ಲಿ ನೀವು ಎಷ್ಟೇ ಹುಡುಕಿದರೂ ಆ ಸಾಲು ಸಿಗುವುದಿಲ್ಲ.

ಇದರಿಂದ ಇನ್ನೊಂದು ಪರಿಣಾಮ ಇದೆ. ಕೃತಿಚೌರ್ಯದ ಬಗೆಗಿನ 2018ರ ಯುಜಿಸಿ ನಿಯಮದಲ್ಲಿ, ಬೇರೆ ಬರಹಗಳೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆದರೆ ತಂತ್ರಾಂಶ ಹೋಲಿಸಬೇಕಾದ ಮೂಲವೇ ಅದಕ್ಕೆ ಓದಲು ಬಾರದ ಫಾಂಟ್‌ನಲ್ಲಿದ್ದರೆ ಕನ್ನಡ ಪ್ರಬಂಧಕ್ಕೆ ಬಂದ ಶೇ. 2ರಿಂದ ಏನು ತಿಳಿಯಿತು? ಹೆಚ್ಚೇನೂ ಇಲ್ಲ.

ಎರಡು ಕಡೆ ಸಿಕ್ಕಿತು ಅಂತ ನಿರಾಳವಾಗುವುದೂ ಬೇಡ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಎಷ್ಟೋ ಲೇಖನಗಳು ಮುಕ್ತ ಪರವಾನಗಿಯಲ್ಲಿ ಬಂದು ಕನ್ನಡ ವಿಕಿಪೀಡಿಯದಲ್ಲೂ ಸೇರಿವೆ. ವಿಶ್ವಕೋಶದಲ್ಲೂ ಇದೆ, ವಿಕಿಪೀಡಿಯದಲ್ಲೂ ಇದೆ ಅಂದರೆ ಆಧಾರ ಎರಡಲ್ಲ, ಒಂದೇ. ಊರಿನ ಜನಸಂಖ್ಯೆ, ಜಿಲ್ಲೆಯ ಹೆಸರು ಇಂಥದ್ದು ಹಳೇ ಸಂಪುಟದ ಕಾಲಕ್ಕೇ ನಿಂತಿರಬಹುದು. ವಿಕಿಪೀಡಿಯ ಪುಟದ ಕೆಳಗೆ ಮೂಲ ಯಾವುದು ಅಂತ ನೋಡಿ, ಆಮೇಲೆ ಜನಗಣತಿಯ ಪುಟಕ್ಕೋ ಗೆಜೆಟಿಯರ್‌ಗೋ ಹೋಗಿ. ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಎರಡು ಮೂರು ಕಾಗುಣಿತದಲ್ಲೂ ಹುಡುಕಿ.

ಮುಂದೆ ಪಾಠ ಮಾಡುವವರಿಗೆ ಒಂದು ಅಸೈನ್‌ಮೆಂಟ್. ತರಗತಿಗೆ ಎರಡು ವೆಬ್‌ಸೈಟ್ ಕೊಡಿ, ಒಂದು ಕನ್ನಡದ್ದೇ ಇರಲಿ. ಹತ್ತು ನಿಮಿಷ ಸಮಯ. ಯಾವುದು ನಂಬಲರ್ಹ ಅನ್ನುವ ಉತ್ತರಕ್ಕೆ ಕಡಿಮೆ ಅಂಕ ಇಡಿ. ತೆರೆದ ಟ್ಯಾಬ್‌ಗಳು ಯಾವುವು, ಯಾವ ಪದ ಹಾಕಿ ಹುಡುಕಿದರು, ಯಾವ ಕೊಂಡಿಯನ್ನು ಯಾಕೆ ಬಿಟ್ಟರು ಅನ್ನುವುದನ್ನು ಬರೆಸಿ, ಉಳಿದ ಅಂಕವೆಲ್ಲ ಅದಕ್ಕೇ ಕೊಡಿ.