ಮೇದೋಜ್ಜೀರಕ ಗ್ರಂಥಿಯ ಆಪರೇಷನ್: ಸೋರಿಕೆ ತಡೆಯಲು ನೂರು ವರ್ಷದ ಹುಡುಕಾಟ

ಮೇದೋಜ್ಜೀರಕ ಗ್ರಂಥಿಯ ತಲೆಭಾಗವನ್ನು ಗಡ್ಡೆ ಸಮೇತ ತೆಗೆಯುವುದಕ್ಕೆ ವಿಪ್ಪಲ್ ಆಪರೇಷನ್ ಅನ್ನುತ್ತಾರೆ. ದಾವಣಗೆರೆ ಕಡೆಯಿಂದ ಅದಕ್ಕಾಗಿ ಬೆಂಗಳೂರಿಗೋ ಮಣಿಪಾಲಕ್ಕೋ ಹೋದ ಮನೆಯವರಿಗೆ ಒಂದು ಪ್ರಶ್ನೆ ಕಾಡುತ್ತದೆ. ಗಡ್ಡೆ ತೆಗೆದಾಯ್ತಲ್ಲ, ಹೊಟ್ಟೆಯ ಪಕ್ಕ ಈ ಪೈಪ್ ಇನ್ನೂ ಯಾಕೆ?

ಸೋರಿಕೆಯ ಭಯದಿಂದ. ರಸ ಸೋರಿದರೆ ಪೈಪಿನಲ್ಲಿ ಹೊರಗೆ ಬರಲಿ ಎಂದು. ಈ ಗ್ರಂಥಿ ದಿನಕ್ಕೆ ಲೀಟರಿಗೂ ಜಾಸ್ತಿ ಜೀರ್ಣರಸ ಮಾಡುತ್ತದೆ. ಅದು ಮಾಂಸವನ್ನೂ ಕೊಬ್ಬನ್ನೂ ಕರಗಿಸುವ ರಸ. ಗ್ರಂಥಿಯ ತಲೆಭಾಗ ಕತ್ತರಿಸಿದ ಮೇಲೆ ಉಳಿದ ತುಂಡನ್ನು ಕರುಳಿಗೆ ಜೋಡಿಸಬೇಕು. ಆ ಹೊಲಿಗೆ ಸೋರಿದರೆ ರಸ ಹೊಟ್ಟೆಯೊಳಗೆ ನಿಂತು ಕೀವಾಗುತ್ತದೆ, ಕೆಲವೊಮ್ಮೆ ಪಕ್ಕದ ರಕ್ತನಾಳವನ್ನೇ ತಿನ್ನುತ್ತದೆ.

1898ರಲ್ಲಿ ಇಟಲಿಯ ಸರ್ಜನ್ ಕೊಡಿವಿಲ್ಲಾ ಈ ಆಪರೇಷನ್‌ಗೆ ಮೊದಲು ಕೈಹಾಕಿದರು, ರೋಗಿ ಉಳಿಯಲಿಲ್ಲ. 1909ರಲ್ಲಿ ಬರ್ಲಿನ್‌ನ ಕೌಶ್ ಎರಡು ಹಂತದಲ್ಲಿ ಮಾಡಿ ಗೆದ್ದರು. 1935ರಲ್ಲಿ ನ್ಯೂಯಾರ್ಕ್‌ನ ಅಲೆನ್ ವಿಪ್ಪಲ್ ಮೂವರು ರೋಗಿಗಳ ವಿವರ ಪ್ರಕಟಿಸಿದರು. ಆಗ ಉಳಿದ ಗ್ರಂಥಿಯ ಬಾಯಿಯನ್ನು ಹೊಲಿದು ಮುಚ್ಚಿಬಿಡುತ್ತಿದ್ದರು. ರಸ ಎಲ್ಲಿಗೆ ಹೋಗಬೇಕು? ಹೊಲಿಗೆ ಒಡೆದು ಸೋರುತ್ತಿತ್ತು. 1940ರ ದಶಕದಲ್ಲಿ ಕರುಳಿಗೆ ಜೋಡಿಸುವುದು ರೂಢಿಗೆ ಬಂತು. 1946ರಲ್ಲಿ ಜಠರಕ್ಕೇ ಜೋಡಿಸುವ ದಾರಿಯನ್ನೂ ಕೆಲವರು ಹಿಡಿದರು.

ಆದರೂ 1960–70ರ ದಶಕದಲ್ಲಿ ಹಲವು ಆಸ್ಪತ್ರೆಗಳಲ್ಲಿ ನಾಲ್ವರಲ್ಲಿ ಒಬ್ಬರು ಆಪರೇಷನ್ ಆದಮೇಲೆ ತೀರಿಹೋಗುತ್ತಿದ್ದರು. ಗ್ರಂಥಿಯ ಕ್ಯಾನ್ಸರ್‌ಗೆ ಈ ಆಪರೇಷನ್ ಬೇಡ, ಗಡ್ಡೆ ತಡೆದ ಪಿತ್ತಕ್ಕೆ ಬದಲಿ ದಾರಿ ಮಾಡಿದರೆ ಸಾಕು ಎಂದು 1970ರಲ್ಲಿ ಅಮೆರಿಕದ ಸರ್ಜನ್ ಜಾರ್ಜ್ ಕ್ರೈಲ್ ವಾದಿಸಿದ್ದರು.

ಕಷ್ಟ ಇರುವುದು ಗ್ರಂಥಿಯಲ್ಲೇ. ಅದು ಮೆತ್ತಗಿದ್ದು, ಒಳಗೆ ರಸ ಹರಿಯುವ ನಾಳ 3 ಮಿಲಿಮೀಟರಿಗಿಂತ ಸಣ್ಣದಾಗಿದ್ದರೆ ಬೆಣ್ಣೆಗೆ ಹೊಲಿಗೆ ಹಾಕಿದ ಹಾಗೆ. ದಾರ ಎಳೆದರೆ ಸೀಳುತ್ತದೆ. ಅದಕ್ಕೇ ಇಷ್ಟೊಂದು ವಿಧಾನ: ನಾಳವನ್ನು ಕರುಳಿನ ಒಳಪದರಕ್ಕೆ ನೇರ ಹೊಲಿಯುವುದು, ಗ್ರಂಥಿಯ ತುದಿಯನ್ನೇ ಕರುಳೊಳಗೆ ತೂರಿಸುವುದು, ಗ್ರಂಥಿಯ ಆರಪಾರ ದಾರ ಹಾಯಿಸಿ ಮೇಲೆ ಕರುಳನ್ನು ಹೊದಿಸುವ ಬ್ಲಮ್‌ಗಾರ್ಟ್ ವಿಧಾನ, ನಾಳದೊಳಗೆ ಸಣ್ಣ ಕೊಳವೆ ಇಡುವುದು. ಯಾವುದೂ ಎಲ್ಲ ರೋಗಿಗಳಲ್ಲೂ ಗೆದ್ದಿಲ್ಲ. ಜಠರವೋ ಕರುಳೋ ಎಂಬ ಪ್ರಶ್ನೆಗೆ 2016ರಲ್ಲಿ ಬಂದ ಜರ್ಮನಿಯ ದೊಡ್ಡ ಅಧ್ಯಯನದಲ್ಲೂ ಸೋರಿಕೆ ಹೆಚ್ಚುಕಡಿಮೆ ಒಂದೇ ಇತ್ತು.

ನನ್ನ ಪ್ರಕಾರ ದೊಡ್ಡ ತಿರುವು ಬಂದಿದ್ದು ಹೊಲಿಗೆಯ ಆಚೆಗೆ. ಈ ಆಪರೇಷನ್ ಹೆಚ್ಚಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂದು 2002ರ ಅಮೆರಿಕದ ಅಧ್ಯಯನ ತೋರಿಸಿತು. 2005ರಲ್ಲಿ ಸೋರಿಕೆಗೆ ಎಲ್ಲರೂ ಒಪ್ಪುವ ಅಳತೆ ಬಂತು: ಮೂರನೇ ದಿನ ಅಥವಾ ಆಮೇಲೆ ಪೈಪಿನ ದ್ರವದಲ್ಲಿ ಅಮೈಲೇಸ್ (ಈ ಗ್ರಂಥಿಯ ರಸದಲ್ಲಿರುವ ಕಿಣ್ವ), ರಕ್ತದ ಸಾಮಾನ್ಯ ಗರಿಷ್ಠ ಮಟ್ಟದ 3 ಪಟ್ಟು ದಾಟಿರಬೇಕು. 2022ರಲ್ಲಿ ನೆದರ್‌ಲೆಂಡ್ಸ್‌ನ 17 ಆಸ್ಪತ್ರೆಗಳ ಫಲಿತಾಂಶ ಪ್ರಕಟವಾಯಿತು. ಅಲ್ಲಿ ದಿನವೂ ರೋಗಿಯನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದರು. ಅನುಮಾನ ಬಂದ ಕೂಡಲೇ ಸಿಟಿ ಸ್ಕ್ಯಾನ್, ಬೇಕಿದ್ದರೆ ಚರ್ಮದ ಮೂಲಕ ಪೈಪ್. 90 ದಿನದೊಳಗಿನ ಸಾವು ನೂರಕ್ಕೆ 5ರಿಂದ 3ರ ಆಸುಪಾಸಿಗೆ ಇಳಿಯಿತು. ಹೊಸ ದಾರವಿಲ್ಲ, ಹೊಸ ಯಂತ್ರವಿಲ್ಲ. ಬೇಗ ಗಮನಿಸಿದ್ದಷ್ಟೇ.

ಹಾಗಾಗಿ ಡಾಕ್ಟರನ್ನು ಹೊಲಿಗೆ ಯಾವುದು ಎಂದು ಕೇಳುವುದಕ್ಕಿಂತ, ಇಲ್ಲಿ ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಆಗುತ್ತವೆ, ರಾತ್ರಿ ಹೊತ್ತು ಸ್ಕ್ಯಾನ್ ಸಿಗುತ್ತದಾ ಎಂದು ಕೇಳಿ. ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ಕಣ್ಣು ಹಳದಿಯಾದರೆ ಕಾಮಾಲೆ ಅಂತ ನಾಟಿ ಔಷಧಿ ಕುಡಿಸಿ ವಾರಗಟ್ಟಲೆ ಕಳೆಯುತ್ತೇವೆ. ಈ ಗಡ್ಡೆ ಪಿತ್ತವನ್ನು ತಡೆದಾಗಲೂ ಕಣ್ಣು ಹಳದಿಯಾಗುತ್ತದೆ. ನೋವಿಲ್ಲದೆ ಬಂದು ಏರುತ್ತಲೇ ಹೋಗುವ ಕಾಮಾಲೆಗೆ ಮೊದಲು ಹೊಟ್ಟೆಯ ಸ್ಕ್ಯಾನ್ ಆಗಬೇಕು.

ಆಪರೇಷನ್ ಮುಗಿಸಿ ಪೈಪಿನೊಂದಿಗೆ ಊರಿಗೆ ಬಂದವರಿಗೆ ಜ್ವರ, ಚಳಿ ಬಂದರೆ ಕಾಯಬೇಡಿ. ಪೈಪಿನಲ್ಲಿ ಸ್ವಲ್ಪವೇ ರಕ್ತ ಕಂಡು ನಿಂತುಹೋದರೂ ಅದು ದೊಡ್ಡ ರಕ್ತಸ್ರಾವದ ಮುನ್ಸೂಚನೆ ಇರಬಹುದು. ಬೆಂಗಳೂರು ಸುಮಾರು 260 ಕಿಲೋಮೀಟರ್ ದೂರ. ಮೊದಲು ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ ಡಿಸ್ಚಾರ್ಜ್ ಚೀಟಿ ತೋರಿಸಿ, ಅಲ್ಲಿಂದಲೇ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿಸಿ.