ಗಾಳಿಯಲ್ಲಿನ ಇಂಗಾಲ: ಎಷ್ಟು ಎಂಬುದು ಗೊತ್ತು, ಯಾರದು ಎಂಬುದೇ ಪ್ರಶ್ನೆ

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬ ಪ್ರಶ್ನೆಗೆ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲೇ ನಂಬಬಹುದಾದ ಉತ್ತರ ಕೊಡತೊಡಗಿದ್ದರು. ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಆ ವರ್ಷ ದಾಖಲಾದದ್ದು ಹತ್ತು ಲಕ್ಷಕ್ಕೆ ಸುಮಾರು 313 ಭಾಗ; ಈಗ ಅದು 420 ದಾಟಿದೆ. ಇಷ್ಟನ್ನೂ ಬಿಟ್ಟವರು ಯಾರು, ಹೀರಿಕೊಂಡದ್ದು ಯಾವ ಕಾಡು, ಯಾವ ಕಡಲು ಎಂಬುದನ್ನು ಮಾತ್ರ ಬೆಟ್ಟದ ಮೇಲಿನ ಒಂದು ಉಪಕರಣ ಹೇಳಲಾರದು.

ದೇಶಗಳು ತಮ್ಮ ಪಾಲನ್ನು ಇಂದಿಗೂ ಬಹುಮಟ್ಟಿಗೆ ಕಾಗದದ ಮೇಲೆ ಲೆಕ್ಕ ಹಾಕುತ್ತವೆ. ಸುಟ್ಟ ಇಂಧನ ಎಷ್ಟು ಟನ್ನು, ಟನ್ನಿಗೆ ಎಷ್ಟು ಅನಿಲ ಎಂದು ಗುಣಿಸಿದರಾಯಿತು. ಕಲ್ಲಿದ್ದಲಿನ ಮಟ್ಟಿಗೆ ಈ ವಿಧಾನ ಸಾಕಷ್ಟು ಸರಿ. ಆದರೆ ತೈಲ, ಅನಿಲದ ಕೊಳವೆ, ಬಾವಿಗಳಿಂದ ಸೋರುವ, ಭೂಮಿಯನ್ನು ಬಿಸಿಯಾಗಿಸುವ ಇನ್ನೊಂದು ಅನಿಲವಾದ ಮೀಥೇನನ್ನು ಅಳೆದವರೇ ಕಡಿಮೆ. ಅಲ್ಲಿ ಅಂದಾಜೇ ಅಂಕಿಯಾಗಿಬಿಡುತ್ತದೆ.

2002ರಲ್ಲಿ ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಈ ಅನಿಲಗಳನ್ನು ಮೇಲಿನಿಂದ ಅಳೆಯುವ ದಾರಿ ತೆರೆಯಿತು. 2009ರ ಜನವರಿಯಲ್ಲಿ ಜಪಾನ್ ಇದಕ್ಕೆಂದೇ ರೂಪಿಸಿದ ಗೋಸ್ಯಾಟ್ ಉಪಗ್ರಹವನ್ನು ಹಾರಿಸಿತು. ಮರುತಿಂಗಳೇ ಇದೇ ಕೆಲಸಕ್ಕೆ ಹೊರಟ ನಾಸಾದ ಓಸಿಓ ಉಪಗ್ರಹ, ರಾಕೆಟ್ಟಿನ ತುದಿಯ ಕವಚ ಕಳಚಿಕೊಳ್ಳದೆ ಸಮುದ್ರಕ್ಕೆ ಬಿತ್ತು. ಅದರ ಜಾಗಕ್ಕೆ ಓಸಿಓ-2 ಬರಲು 2014ರವರೆಗೆ ಕಾಯಬೇಕಾಯಿತು.

ಇವು ಅನಿಲವನ್ನು ನೇರವಾಗಿ ಹಿಡಿಯುವುದಿಲ್ಲ. ನೆಲದಿಂದ ಪ್ರತಿಫಲಿಸಿದ ಬಿಸಿಲಿನಲ್ಲಿ ಕೆಲವು ತರಂಗಾಂತರಗಳನ್ನು ಇಂಗಾಲದ ಡೈಆಕ್ಸೈಡ್ ಹೀರಿರುತ್ತದೆ. ಎಷ್ಟು ಹೀರಿದೆ ಎಂಬುದರಿಂದ ನೆಲದಿಂದ ಆಕಾಶದ ಅಂಚಿನವರೆಗಿನ ಒಟ್ಟು ಪ್ರಮಾಣ ತಿಳಿಯುತ್ತದೆ. ತೊಡಕಿರುವುದು ಸೂಕ್ಷ್ಮತೆಯಲ್ಲಿ. ದೊಡ್ಡ ನಗರದ ಮೇಲೂ ಏರಿಕೆ ನಾನೂರಕ್ಕೆ ಕೆಲವೇ ಭಾಗ. ತೆಳು ಮೋಡವೋ ದೂಳೋ ಬೆಳಕಿನ ದಾರಿಯನ್ನು ಕೊಂಚ ಬದಲಿಸಿದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದಲೇ ನೆಲದಿಂದ ಸೂರ್ಯನನ್ನು ನೋಡುವ ಟಿಸಿಕಾನ್ ಎಂಬ ಅಳತೆ ಕೇಂದ್ರಗಳ ಜಾಲದ ರೋಹಿತಮಾಪಕಗಳೊಂದಿಗೆ (ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಉಪಕರಣಗಳು) ಉಪಗ್ರಹದ ಅಳತೆಯನ್ನು ಮತ್ತೆ ಮತ್ತೆ ತಾಳೆ ನೋಡುತ್ತಾರೆ. ಉಡಾವಣೆಗೆ ಸಿಗುವ ಗಮನ ಈ ಕೇಂದ್ರಗಳಿಗೆ ಸಿಗುವುದಿಲ್ಲ. ಇದು ನನಗೆ ನಿಜಕ್ಕೂ ಕಳವಳದ ವಿಷಯ, ಏಕೆಂದರೆ ಉಪಗ್ರಹದ ಅಂಕಿಗೆ ವಿಶ್ವಾಸಾರ್ಹತೆ ಬರುವುದು ಅವುಗಳಿಂದಲೇ.

ಇಷ್ಟಾದರೂ ತಿಳಿದದ್ದು ಪ್ರಮಾಣ ಮಾತ್ರ, ಮೂಲವಲ್ಲ. ಹೊಳೆಯ ಕೆಳದಂಡೆಯಲ್ಲಿ ನಿಂತು, ನೀರಿನ ಬಣ್ಣ ನೋಡಿ ಮೇಲೆ ಯಾವ ಹಳ್ಳ ಸೇರಿತೆಂದು ಹುಡುಕುವ ಕೆಲಸ ಇದು. ಎಲ್ಲೆಲ್ಲಿ ಎಷ್ಟು ಅನಿಲ ಹೊರಬರುತ್ತಿದೆ ಎಂದು ಮೊದಲು ಅಂದಾಜಿಸುತ್ತಾರೆ. ಗಾಳಿಯ ಚಲನೆಯ ಗಣಿತ ಮಾದರಿಯಲ್ಲಿ ಅದನ್ನು ಹರಿಯಬಿಟ್ಟು, ಬಂದ ಫಲಿತಾಂಶವನ್ನು ಉಪಗ್ರಹ ಕಂಡದ್ದರೊಂದಿಗೆ ಹೋಲಿಸಿ, ಅಂದಾಜನ್ನು ತಿದ್ದುತ್ತಾರೆ. ಒಂದೇ ಅಳತೆಯಿಂದ ಹೊರಟ ಎರಡು ಮಾದರಿಗಳು ಒಂದು ಖಂಡದ ಲೆಕ್ಕದಲ್ಲಿ ಭಿನ್ನ ಉತ್ತರ ಕೊಡುವುದುಂಟು. ಈ ಅಂತರವನ್ನು ಅಂಕಿಯ ಪಕ್ಕದಲ್ಲೇ ಪ್ರಕಟಿಸಬೇಕು. ಅದನ್ನು ಮುಚ್ಚಿಟ್ಟ ಲೆಕ್ಕವನ್ನು ಯಾವ ಹವಾಮಾನ ಸಂಧಾನದ ಮೇಜಿನ ಮೇಲೂ ಇಡಬಾರದು.

ಮೀಥೇನಿನ ವಿಷಯದಲ್ಲಿ ಗೆಲುವು ಬೇಗ ಬಂತು. ಅದರ ಹಿನ್ನೆಲೆ ಪ್ರಮಾಣ ಹತ್ತು ಲಕ್ಷಕ್ಕೆ ಎರಡು ಭಾಗದಷ್ಟೂ ಇಲ್ಲದ ಕಾರಣ ದೊಡ್ಡ ಸೋರಿಕೆ ಎದ್ದು ಕಾಣುತ್ತದೆ. 2017ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ ಅಂಥ ಸೋರಿಕೆಗಳನ್ನು ಜಗತ್ತಿನಾದ್ಯಂತ ತೋರಿಸಿಕೊಟ್ಟಿತು.

ಇಂಗಾಲದ ಡೈಆಕ್ಸೈಡಿನಲ್ಲಿ ಕಾಡಿನ ಉಸಿರನ್ನೂ ಚಿಮಣಿಯ ಹೊಗೆಯನ್ನೂ ಬೇರ್ಪಡಿಸುವುದು ಇನ್ನೂ ಕಷ್ಟ. ಯುರೋಪ್ ಸಿದ್ಧಪಡಿಸುತ್ತಿರುವ ಸಿಓ2ಎಂ ಉಪಗ್ರಹಗಳು ಅದರ ಜೊತೆಗೇ ನೈಟ್ರೋಜನ್ ಡೈಆಕ್ಸೈಡನ್ನೂ ಅಳೆಯಲಿವೆ. ಇಂಧನ ಉರಿದಾಗ ಹುಟ್ಟಿ ಕೆಲವೇ ಗಂಟೆಗಳಲ್ಲಿ ಕರಗಿಹೋಗುವ ಈ ಅನಿಲ ಹೆಚ್ಚು ದೂರ ಹರಡುವುದಿಲ್ಲ. ಹಾಗಾಗಿ ಅದು ಕಂಡಲ್ಲಿ ಉರಿಯುವ ಮೂಲ ಹತ್ತಿರದಲ್ಲೇ ಇರುತ್ತದೆ.