ಅಳಿವೆಯಲ್ಲಿ ಅಡಗಿರುವ ಜಲಪಾತ

ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ಸಮತಟ್ಟಾಗಿ, ಸದ್ದಿಲ್ಲದೆ ಸರಿಯುತ್ತಿರುತ್ತದೆ. ಅಲ್ಲೊಂದು ಜಲಪಾತವಿದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಲೀಟರಿಗೆ 35 ಗ್ರಾಂ ಉಪ್ಪಿರುವ ಕಡಲನೀರು ಸಿಹಿನೀರನ್ನು ತನ್ನತ್ತ ಸೆಳೆಯುವ ಬಲ ಸುಮಾರು 27 ಬಾರ್. 270 ಮೀಟರ್ ಎತ್ತರದ ನೀರಿನ ಕಂಬದ ಬುಡದಲ್ಲಿರುವಷ್ಟು ಒತ್ತಡವಿದು. ಒಂದು ಘನ ಮೀಟರ್ ನದಿನೀರು ಕಡಲಲ್ಲಿ ಬೆರೆತಾಗಲೆಲ್ಲ ಸುಮಾರು 0.7 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಕೈಜಾರಿ ಹೋಗುತ್ತದೆ. ಮೂಲತಃ ಇದೂ ಸೌರಶಕ್ತಿಯೇ. ಉಪ್ಪನ್ನು ಕಡಲಲ್ಲೇ ಬಿಟ್ಟು ನೀರನ್ನಷ್ಟೇ ಆವಿಯಾಗಿ ಮೇಲೆತ್ತಿದ್ದು ಬಿಸಿಲು. ಅದು ಬೇರ್ಪಡಿಸಿದ್ದನ್ನು ಅಳಿವೆ ಮತ್ತೆ ಕೂಡಿಸುತ್ತದೆ.

ಈ ಸೆಳೆತವನ್ನು ಫ್ರಾನ್ಸಿನ ವಿಜ್ಞಾನಿ ನೊಲೆ 1748ರಲ್ಲೇ ಕಂಡಿದ್ದ. ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟ. ಕೆಲವು ಗಂಟೆಗಳಲ್ಲಿ ಪೊರೆ ಉಬ್ಬಿ ನಿಂತಿತು. ಸೂಜಿ ಚುಚ್ಚಿದರೆ ದ್ರವ ಮೇಲಕ್ಕೆ ಚಿಮ್ಮಿತು! ಅಭಿಸರಣೆ ಎಂದು ನಾವು ಕರೆಯುವುದು ಇದನ್ನೇ. ಆ ಚಿಮ್ಮುವಿಕೆಯಿಂದ ಟರ್ಬೈನ್ ತಿರುಗಿಸುವ ದಾರಿಯನ್ನು 1970ರ ದಶಕದಲ್ಲಿ ರೂಪಿಸಿದವರು ಎಂಜಿನಿಯರ್ ಸಿಡ್ನಿ ಲೋಬ್. ಪೊರೆಯ ಒಂದು ಬದಿಗೆ ನದಿನೀರು, ಇನ್ನೊಂದು ಬದಿಗೆ ಹತ್ತು ಹನ್ನೆರಡು ಬಾರ್ ಒತ್ತಡ ಕೊಟ್ಟ ಕಡಲನೀರು. ಪೊರೆ ನೀರಿಗೆ ದಾರಿ ಬಿಟ್ಟು ಉಪ್ಪನ್ನು ತಡೆಯುತ್ತದೆ. ಎದುರಿನ ಒತ್ತಡವನ್ನೂ ಲೆಕ್ಕಿಸದೆ ಸಿಹಿನೀರು ಉಪ್ಪಿನತ್ತ ನುಗ್ಗುತ್ತದೆ. ಹಾಗೆ ಹೆಚ್ಚಿದ ನೀರು ಟರ್ಬೈನಿನ ಮೂಲಕ ಹೊರಬೀಳುತ್ತದೆ.

ಇನ್ನೊಂದು ದಾರಿಯಲ್ಲಿ ಟರ್ಬೈನೇ ಬೇಡ. 1954ರಲ್ಲಿ ವಿಜ್ಞಾನಿ ಪ್ಯಾಟಲ್ ತೋರಿಸಿದ ಈ ವಿಧಾನದಲ್ಲಿ ಪೊರೆ ತಡೆಯುವುದು ನೀರನ್ನು, ಬಿಡುವುದು ಉಪ್ಪಿನ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಕಣಗಳನ್ನು. ಒಂದು ಪೊರೆ ಸೋಡಿಯಂ ಅಯಾನುಗಳನ್ನಷ್ಟೇ ಬಿಟ್ಟರೆ ಅದರ ಪಕ್ಕದ್ದು ಕ್ಲೋರೈಡನ್ನಷ್ಟೇ ಬಿಡುತ್ತದೆ. ನಡುವಿನ ಸಂದುಗಳಲ್ಲಿ ಒಂದು ಬಿಟ್ಟು ಒಂದರಂತೆ ಸಿಹಿನೀರು, ಉಪ್ಪುನೀರು ಹರಿಯುತ್ತವೆ. ಧನ ಅಯಾನುಗಳು ಒಂದು ಕಡೆಗೆ, ಋಣ ಅಯಾನುಗಳು ಇನ್ನೊಂದು ಕಡೆಗೆ ಸರಿದಾಗ ನೇರವಾಗಿ ವಿದ್ಯುತ್ತೇ ಹುಟ್ಟುತ್ತದೆ. ಒಂದೊಂದು ಪೊರೆಯಿಂದ ಸಿಗುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಹಾಗಾಗಿ ನೂರಾರು ಪೊರೆಗಳನ್ನು ಅಟ್ಟಿ ಕಟ್ಟಬೇಕು. ನೆದರ್ಲೆಂಡ್ಸಿನ ಆಫ್‌ಸ್ಲಾಯ್ಟ್‌ಡೈಕ್ ಎಂಬ ಸಮುದ್ರ ತಡೆಗೋಡೆಯ ಮೇಲೆ 2014ರಲ್ಲಿ ಇಂಥ ಪ್ರಾಯೋಗಿಕ ಘಟಕವೊಂದು ಶುರುವಾಯಿತು.

ಇಷ್ಟೆಲ್ಲ ಇದ್ದೂ ಇದು ಎಲ್ಲೆಡೆ ಹರಡದಿರಲು ಕಾರಣ ಪೊರೆಯೇ. ನಾರ್ವೆಯ ಸ್ಟಾಟ್‌ಕ್ರಾಫ್ಟ್ ಕಂಪನಿ 2009ರಲ್ಲಿ ತೋಫ್ಟೆಯಲ್ಲಿ ಲೋಬ್ ಮಾದರಿಯ ಮೊದಲ ಸ್ಥಾವರ ತೆರೆಯಿತು. ಅದರಲ್ಲಿದ್ದ ಪೊರೆಯ ಹರವು 2000 ಚದರ ಮೀಟರ್. ಖರ್ಚು ಹುಟ್ಟಬೇಕಾದರೆ ಚದರ ಮೀಟರಿಗೆ 5 ವ್ಯಾಟ್ ಬೇಕಿತ್ತು; ಸಿಕ್ಕಿದ್ದು ಅದಕ್ಕಿಂತ ಬಹಳ ಕಡಿಮೆ. 2013ರ ಕೊನೆಗೆ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು.

ಪೊರೆಯನ್ನು ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ಉಪ್ಪನ್ನು ತಡೆಯುವ ಪದರ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಒತ್ತಡಕ್ಕೆ ಅದು ಹರಿಯದಂತೆ ಹಿಂದೆ ಸ್ಪಂಜಿನಂಥ ದಪ್ಪ ಪದರ ಆಸರೆಯಾಗಿರುತ್ತದೆ. ತೆಳು ಪದರ ದಾಟಿ ನುಸುಳಿದ ಅಷ್ಟಿಷ್ಟು ಉಪ್ಪು ಈ ಸ್ಪಂಜಿನೊಳಗೆ ಸಿಕ್ಕಿಬೀಳುತ್ತದೆ. ಆಮೇಲೆ ಹೊರಗೆ ಎಂಥ ಶುದ್ಧ ನದಿನೀರು ಹರಿದರೂ ತೆಳು ಪದರದ ಬೆನ್ನಿಗಿರುವುದು ಉಪ್ಪುನೀರೇ, ಸೆಳೆತ ಅಲ್ಲೇ ಕುಗ್ಗುತ್ತದೆ. ನದಿಯ ಹೂಳು, ಪಾಚಿ, ಬ್ಯಾಕ್ಟೀರಿಯಾ ಮೆತ್ತಿಕೊಳ್ಳುವುದು ಬೇರೆ. ಅವನ್ನು ಸೋಸಲು, ಪಂಪು ಓಡಿಸಲು ಹುಟ್ಟಿದ ವಿದ್ಯುತ್ತಿನಲ್ಲೇ ಪಾಲು ಕೊಡಬೇಕು.

ಹಾಗಾಗಿ ನದಿಯ ಬಾಯಿಗಿಂತ ನೀರಿನಲ್ಲಿ ಉಪ್ಪು ಹೆಚ್ಚಿದ್ದು ಸೆಳೆತವೂ ಬಲವಾಗಿರುವ ಕಡೆಯೇ ಈ ತಂತ್ರಕ್ಕೆ ಹೆಚ್ಚು ಹೊಂದುತ್ತದೆ ಎಂದು ನನಗನಿಸುತ್ತದೆ. ಜಪಾನಿನ ಫುಕುವೋಕದಲ್ಲಿ 2025ರ ಆಗಸ್ಟಿನಲ್ಲಿ ಶುರುವಾದ ಸ್ಥಾವರ ಹಿಡಿದಿರುವುದು ಇದೇ ಹಾದಿ. ಕಡಲನೀರನ್ನು ಸಿಹಿಯಾಗಿಸುವ ಘಟಕದಲ್ಲಿ ಉಳಿಯುವ, ಕಡಲಿಗಿಂತಲೂ ಹೆಚ್ಚು ಉಪ್ಪಾದ ನೀರು ಒಂದು ಬದಿಗೆ, ಸಂಸ್ಕರಿಸಿದ ಚರಂಡಿ ನೀರು ಇನ್ನೊಂದು ಬದಿಗೆ. ವರ್ಷಕ್ಕೆ ಸುಮಾರು 8,80,000 ಯೂನಿಟ್ ಉತ್ಪಾದನೆಯ ನಿರೀಕ್ಷೆಯಿದೆ, ಅದು ಬಳಕೆಯಾಗುವುದು ಸಿಹಿನೀರಿನ ಘಟಕಕ್ಕೇ. ಇಂಥ ಘಟಕಗಳನ್ನು ಸಾಧ್ಯವಾಗಿಸಿದ ಪೊರೆಯನ್ನು 1960ರ ಸುಮಾರಿಗೆ ವಿಜ್ಞಾನಿ ಸೌರಿರಾಜನ್ ಜೊತೆಗೂಡಿ ತಯಾರಿಸಿದವರೂ ಇದೇ ಲೋಬ್. ತೋಫ್ಟೆ ಸ್ಥಾವರ ತೆರೆಯುವ ಹಿಂದಿನ ವರ್ಷ, 2008ರಲ್ಲಿ, ಅವರು ತೀರಿಕೊಂಡಿದ್ದರು. ಅವರ ಮೊದಲ ಪೊರೆ ಬಿಟ್ಟುಹೋದ ಉಪ್ಪುನೀರು ಈಗ ಅವರ ಎರಡನೆಯ ಯೋಚನೆಯ ಟರ್ಬೈನನ್ನು ತಿರುಗಿಸುತ್ತಿದೆ.